ಪೆಟ್ಟಿಗೆಯ ಕೆಳಗಿನ ಜೋಳ

ತುಳಸವ್ವ ಹಗ್ಗದ ಮೊದಲ ಗಂಟು ಬಿಚ್ಚಿ ಎರಡನೆಯದಕ್ಕೆ ಕೈ ಹಾಕಿದ್ದಳು.

"ಕಾಕಿ, ಈಗ ಬ್ಯಾಡ," ಎಂದ ರಾಜಕುಮಾರ.

"ಈಗ ಬ್ಯಾಡಂದ್ರ ಯಾವಾಗ? ಕಲ್ಲು ಇಲ್ಲೇ ಐತಲ್ಲೋ."

"ಮನಿ ಹತ್ರ ಹೋಗಿ ಮಾಡೂಣು. ಬಿಸಲು ಭಾಳ ಐತಿ."

"ಮನಿ ಹತ್ರ ಶೀಮಿ ಐತೇನು? ಹುಚ್ಚ ಖೋಡಿ." ಆಕೆ ನಗುತ್ತಲೇ ಗಂಟಿಗೆ ಹಲ್ಲು ಹಚ್ಚಿ ಎಳೆದಳು. ಬಿಚ್ಚಲಿಲ್ಲ. ಮುಖ ಹಿಂದೆ ತೆಗೆದು ಗಂಟನ್ನೇ ನೋಡಿದಳು. "ಇದನ್ನ ಯಾರ ಬಿಗದಾರ? ನಮ್ಮ ಮನಿಯವರ ಗಂಟಲ್ಲ ಇದು. ಇವರು ಕಟ್ಟಿದ್ರ ಒಂದ ಜಗ್ಗಿಗೆ ಬಿಚ್ಚತೈತಿ."

"ನಾನ ಬಿಗದೇನಿ. ಮುಂಜಾನೆ ಸಡ್ಲ ಆಗಿತ್ತು."

"ಬಾರ್ ನಡಸಾಂವಗ ಹೊರಿ ಕಟ್ಟೂದು ಯಾರ ಕಲಿಸ್ಯಾರೋ ರಾಜ್ಯಾ? ಕತ್ತಿ ಕೊರಳಿಗೆ ಉರಲು ಹಾಕಿದಂಗ ಹಾಕೀಯಲ್ಲ."

ಹೀರಿ ಎಂಬ ಆ ಕುದುರೆ ಕಿವಿ ಆಡಿಸಿತು. ಅದರ ಬೆನ್ನಿನ ಎರಡು ಬದಿಗೆ ಡೇರೆಯ ಗೂಟ, ಪಾತ್ರೆ, ಕಂಬಳಿ, ಒಂದು ಜೋಳಿಗೆಯಲ್ಲಿ ನಿನ್ನೆ ಹುಟ್ಟಿದ ಎರಡು ಮರಿ. ಬೆನ್ನಿನ ನಡುವೆ ಒಂದು ಚೀಲ. ಚೀಲದ ಮೇಲೆ, ಕರಿಕಂಬಳಿಯಲ್ಲಿ ಸುತ್ತಿದ, ಕುಲದೇವರು ಬೀರಪ್ಪನ ಪೆಟ್ಟಿಗೆ. ಆ ಚೀಲ ಕಾಕಿಯ ಜೋಳದ ಚೀಲ. ಇಂದು ಬೆಳಿಗ್ಗೆಯವರೆಗೆ ಅದರಲ್ಲಿ ಜೋಳವೇ ಇತ್ತು. ಈಗ ಬಾಯಿಯ ಬಳಿ ನಾಲ್ಕು ಬೊಗಸೆ ಜೋಳ, ಅದರ ಕೆಳಗೆ ಕರ್ನಾಟಕದ ಅಗ್ಗದ ವಿಸ್ಕಿಯ ನೂರಾ ತೊಂಬತ್ತೆರಡು ಕಾಗದದ ಪಾಕೀಟು.

ಐವತ್ತು ಹೆಜ್ಜೆ ಮುಂದೆ, ರಸ್ತೆಯ ಎಡಕ್ಕೆ, ಜಾಲಿಮರದ ನೆರಳಿನಲ್ಲಿ ಎಕ್ಸೈಜ್ ಇಲಾಖೆಯ ಜೀಪು ನಿಂತಿತ್ತು. ಇಬ್ಬರು ಶಿಪಾಯಿಗಳು ಒಬ್ಬ ಹಾಲಿನವನನ್ನು ತಡೆದು ಅವನ ಕ್ಯಾನಿನೊಳಗೆ ಮೊಳಕೈವರೆಗೆ ಕೈ ಬಿಟ್ಟಿದ್ದರು. ಅವನು ಮರಾಠಿಯಲ್ಲಿ ಅವರ ತಾಯಿಯನ್ನು ಬಿಟ್ಟು ಉಳಿದವರನ್ನೆಲ್ಲ ನೆನೆಯುತ್ತಿದ್ದ.

ರಾಜಕುಮಾರ ಎಲ್ಲವನ್ನೂ ಯೋಚಿಸಿದ್ದ. ಇದೊಂದನ್ನು ಬಿಟ್ಟು.

ಕುರಿಗಾರರ ಹಿಂಡು ರಸ್ತೆಗೆ ಬಂದರೆ ಪೊಲೀಸನೂ ಬದಿಗೆ ನಿಲ್ಲುತ್ತಾನೆ. ಕುದುರೆಯ ಮೇಲಿನ ದೇವರ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ಕಾಕಾ-ಕಾಕಿ ಸಂಜೆ ಬೀಡು ಬಿಡುವವರೆಗೆ ಹೊರೆ ಇಳಿಸುವುದಿಲ್ಲ. ಇಷ್ಟು ಅವನಿಗೆ ಗೊತ್ತಿತ್ತು. ಹೊಸ ಶೀಮೆಗೆ ಕಾಲಿಡುವ ಮೊದಲು ಪೆಟ್ಟಿಗೆ ಇಳಿಸಿ, ತೆರೆದು, ಭಂಡಾರದ ಅರಿಶಿನ ತೆಗೆದು ಶೀಮೆಗಲ್ಲಿಗೂ ಮುಂದಾಳು ಟಗರಿಗೂ ಹಚ್ಚಬೇಕು ಎಂಬುದೂ ಗೊತ್ತಿತ್ತು. ಆದರೆ ಇಪ್ಪತ್ತೇಳು ವರ್ಷದ ಹಿಂದೆ ನೋಡಿದ್ದು, ಮನಸ್ಸಿನ ಯಾವುದೋ ಮೂಲೆಗೆ ಬಿದ್ದಿತ್ತು. ಅವನು ಗಡಿ ಎಂದರೆ ಸರಕಾರದ ಗಡಿ ಎಂದುಕೊಂಡಿದ್ದ. ಇತ್ತ ಕರ್ನಾಟಕ, ಅತ್ತ ಮಹಾರಾಷ್ಟ್ರ. ಕಾಕಿಯ ಲೆಕ್ಕದಲ್ಲಿ ಅದಕ್ಕೆ ಕಿಮ್ಮತ್ತಿರಲಿಲ್ಲ. ಆಕೆಯ ಲೆಕ್ಕದಲ್ಲಿ ಇದ್ದದ್ದು ಮೊಣಕಾಲೆತ್ತರದ ಒಂದು ಕಲ್ಲು. ಆ ಕಲ್ಲು ಎಕ್ಸೈಜ್‌ನವರು ಆರಿಸಿಕೊಂಡ ಜಾಗದಲ್ಲೇ ಇತ್ತು.

ಹಗ್ಗ ಬಿಚ್ಚಿತು.

ಆರಗದಿಂದ ಮಿರಜಿಗೆ ಹೋಗುವ ರಸ್ತೆಯ ಮೇಲೆ ರಾಜಕುಮಾರನ ಹೊಟೆಲಿದೆ. ಬೋರ್ಡಿನ ಮೇಲೆ 'ಹೊಟೆಲ್ ಸಂಗಮ, ಪರಮಿಟ್ ರೂಮ್' ಎಂದು ಮರಾಠಿಯಲ್ಲಿ ಬರೆದಿದೆ. ಕೂತು ಕುಡಿಯಲು ಸರಕಾರ ಅನುಮತಿ ಕೊಟ್ಟ ಜಾಗ. ಎಂಟು ಟೇಬಲ್ಲು, ಹಿಂದೆ ಎರಡೆಕರೆ ಹೊಲ. ಅಪ್ಪ ಕುರಿ ಬಿಟ್ಟು ಹೊಟೆಲ್ ಹಿಡಿದ. ಅಪ್ಪನ ಪಾಲಿನ ಕುರಿ ತಮ್ಮ ಧೋಂಡಪ್ಪನ, ಅಂದರೆ ಕಾಕಾನ, ಹಿಂಡಿಗೆ ಸೇರಿತು. ಅಪ್ಪ ಸತ್ತ ಮೇಲೂ ಹೊಟೆಲ್ ಚೆನ್ನಾಗಿಯೇ ನಡೆಯಿತು. ಮಾಲಗಾಂವದ ದ್ರಾಕ್ಷಿ ತೋಟದವರು, ಮಿರಜಿನ ಆಸ್ಪತ್ರೆಗಳಿಂದ ಪೇಶಂಟ್ ಬಿಟ್ಟು ಮರಳುವ ಡ್ರೈವರುಗಳು, ಹೆಂಡತಿ ಛಾಯಾಳ ಕೈಯ ಮಟನ್ನಿಗಾಗಿ ಸಾಂಗ್ಲಿಯಿಂದ ಬರುವ ಇಬ್ಬರು ವಕೀಲರು.

ಮೊದಲು ಪರಮಿಟ್ ರೂಮಿನ ವ್ಯಾಟ್ ಐದರಿಂದ ಹತ್ತಾಯಿತು. ಅದೇ ಬಾಟಲಿ ಎದುರಿನ ವೈನ್ ಶಾಪಿನಲ್ಲಿ ಆ ತೆರಿಗೆಯಿಲ್ಲದೆ ಸಿಗುತ್ತಿತ್ತು. ಜನ ಅಲ್ಲಿ ಕೊಂಡು ಕಾಲುವೆ ದಂಡೆಯ ಮೇಲೆ ಕೂತರು. ಆಮೇಲೆ ಲೈಸೆನ್ಸ್ ಫೀ ಏರಿತು. ಕಳೆದ ಜೂನಿನಲ್ಲಿ ಅಬಕಾರಿ ಸುಂಕವೂ ಏರಿ, ಎಲ್ಲಕ್ಕಿಂತ ಕೀಳು ವಿಸ್ಕಿಯ ಕ್ವಾರ್ಟರ್ ಬಾಟಲಿಯೂ ಇನ್ನೂರು ರೂಪಾಯಿ ದಾಟಿತು. ಗಡಿಯಾಚೆ ಅಷ್ಟೇ ಅಳತೆಯ ಪಾಕೀಟು ಅದರ ಅರ್ಧಕ್ಕಿಂತ ಕಡಿಮೆಗೆ. ಹದಿನೈದು ನಿಮಿಷದ ಬೈಕ್ ದಾರಿ. ಜುಲೈಯಲ್ಲಿ ಎಲ್ಲ ಬಾರಿನವರು ಒಂದು ದಿನ ಬಾಗಿಲು ಮುಚ್ಚಿ ಪ್ರತಿಭಟಿಸಿದರು. ಅಂದು ರಾಜಕುಮಾರನೂ ಸಾಂಗ್ಲಿಗೆ ಹೋಗಿ ಬಿಸಿಲಲ್ಲಿ ನಿಂತು ಕೂಗಿದ. ಮರುದಿನ ಬಾಗಿಲು ತೆರೆದ. ಬಂದವರು ಇಬ್ಬರು; ಒಬ್ಬ ನೀರು ಕೇಳಿದ.

ಈಗ ಮಾರ್ಚ್ ಇಪ್ಪತ್ತೆರಡು. ಮೂವತ್ತೊಂದರೊಳಗೆ ಏರಿದ ಫೀ ತುಂಬದಿದ್ದರೆ ಅಪ್ಪನ ಹೆಸರಿನಿಂದ ತನ್ನ ಹೆಸರಿಗೆ ಬಂದ ಲೈಸೆನ್ಸ್ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಬಾರುಗಳಿಗೆ ಸೋಡಾ, ಚಕಣಾದ ಕುರುಕಲು ಮುಟ್ಟಿಸುವ ಮಿರಜಿನ ತುಷಾರ ಕಳೆದ ವಾರ ಕೌಂಟರಿನ ಮೇಲೆ ಮೊಳಕೈಯೂರಿ ದಾರಿ ತೋರಿಸಿದ್ದ. ಖಾಲಿ ಬಾಟಲಿ ನಮ್ಮವು, ಅದರಲ್ಲಿ ತುಂಬುವ ಮಾಲು ಗಡಿಯಾಚೆಯದು. "ಗಾಡಿ ಹಿಡೀತಾರ, ಬೈಕ್ ಹಿಡೀತಾರ. ಕುದರಿ ಯಾರ ಹಿಡೀತಾರ ಅಣ್ಣಾ? ನಿಮ್ಮ ಕಾಕಾ ಬರೂ ದಾರಿ ಅದ ಅಲ್ಲ?"

ಸಿಕ್ಕಿಬಿದ್ದರೆ ಲೈಸೆನ್ಸ್ ಅಂತೂ ಹೋಗುತ್ತಿತ್ತು. ಜೊತೆಗೆ ಕುದುರೆ, ಹಿಂಡು, ಕಾಕಾ, ಕಾಕಿ. ಅದನ್ನು ತುಷಾರ ಹೇಳಿರಲಿಲ್ಲ. ರಾಜಕುಮಾರ ಕೇಳಿಯೂ ಇರಲಿಲ್ಲ.

ಕಾಕಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಪಕ್ಕ ಹಾಸಿದ ಕಂಬಳಿಯ ಮೇಲೆ ಇಟ್ಟಳು. ಚೀಲ ಬಯಲಾಯಿತು. ನಾಲ್ಕು ಗಂಟೆಯ ಬಿಸಿಲು ನೇರ ಅದರ ಮೇಲೆ ಬಿತ್ತು. ರಾಜಕುಮಾರ ಚೀಲಕ್ಕೂ ರಸ್ತೆಗೂ ನಡುವೆ ಬಂದು ನಿಂತ.

"ಸರಿಯೋ ಆಚೆ, ಗಾಳಿಗೆ ಅಡ್ಡ ನಿಂತೀಯಲ್ಲ."

ಸರಿಯಲಿಲ್ಲ. ಕಾಕಿ ತಾನೇ ಅವನನ್ನು ಬಳಸಿ ಹೋಗಿ, ಕಲ್ಲಿಗೆ ನೀರು ಹಾಕಲು ಪಾತ್ರೆಗೆ ಕೈ ಚಾಚಿದಳು. ಪಾತ್ರೆ ಸಿಕ್ಕಿಸಿದ್ದು ಚೀಲದ ಬದಿಗೆ. ಎಳೆಯುವಾಗ ಆಕೆಯ ಅಂಗೈ ಚೀಲಕ್ಕೆ ತಾಗಿತು. ಅಲ್ಲೇ ನಿಂತಿತು. ಬೆರಳುಗಳು ಒಮ್ಮೆ ಒತ್ತಿದವು. ಒಳಗಿನಿಂದ ಪಾಕೀಟಿನ ಮೂಲೆಯೊಂದು ಒತ್ತಿಗೆ ಎದುರು ನಿಂತಿರಬೇಕು. ಕೈ ಸ್ವಲ್ಪ ಕೆಳಗೆ ಸರಿಯಿತು, ಮತ್ತೆ ಒತ್ತಿತು. ಹೀರಿ ಕಾಲು ಬದಲಿಸಿತು. ಚೀಲದೊಳಗೆ ನೀರು ಅಲುಗಿದಂತೆ ಸಣ್ಣ ಸದ್ದು.

ಕಾಕಿ ತಿರುಗಿ ಅವನನ್ನು ನೋಡಿದಳು. ಬಹಳ ಹೊತ್ತಲ್ಲ.

"ಕಾಕಿ..." ಎಂದ ರಾಜಕುಮಾರ.

ಆಕೆ ಪಾತ್ರೆ ತೆಗೆದುಕೊಂಡು ಕಲ್ಲಿನ ಬಳಿ ಹೋಗಿ ಕೂತಳು. ನೀರು ಹಾಕಿದಳು. ಪೆಟ್ಟಿಗೆಯ ಮುಚ್ಚಳ ತೆಗೆದಳು. ಬಲಗೈಯಿಂದ ಭಂಡಾರ ತುಂಬಿಕೊಂಡು ಕಲ್ಲಿಗೆ ಹಚ್ಚಿದಳು. ದೇವರ ಮುಂದಿನ ಆ ಅರಿಶಿನಪುಡಿ ಬಿಸಿಲಿಗೆ ಹೊಗೆಯಂತೆ ಎದ್ದಿತು.

ಜೀಪಿನ ಕಡೆಯಿಂದ ಧೋಂಡಪ್ಪನ ದನಿ ಕೇಳುತ್ತಿತ್ತು. ಕಾಕಾ ಹಿಂಡಿನ ಮುಂದೆ ಹೋಗಿ ಶಿಪಾಯಿಗಳ ಜೊತೆ ಆಗಲೇ ಮಾತಿಗೆ ಬಿದ್ದಿದ್ದ. "ಸಾಹೇಬ್ರ, ಕುರಿಗೂ ಜಿಎಸ್‌ಟಿ ಬಂದೈತೇನ್ರಿ?"

"ನಾಹೀ ಬಾಬಾ," ಎಂದ ಒಬ್ಬ ಮರಾಠಿಯಲ್ಲಿ. ಇಲ್ಲ ಅಜ್ಜಾ.

"ಹಿಕ್ಕಿಗೆ? ಇನ್ನೂರು ಕುರಿ ಅದಾವ. ದಿನಾ ಹಿಕ್ಕಿ ಹಾಕ್ತಾವ. ನಾಳೆ ಬಂದು ಎಣಸಬ್ಯಾಡ್ರಿ ಮತ್ತ, ಈಗ ಹೇಳೇನಿ."

ಅವರು ನಕ್ಕರು. ಜೀಪಿನೊಳಗಿಂದ ಇಳಿದ ಮೂರನೆಯವನು ನಗಲಿಲ್ಲ. ಮೂವತ್ತರ ಆಚೀಚೆಯ, ತೆಳ್ಳನೆಯ, ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿ. ಅವನು ಕುರಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ಬಂದ. ಕುರಿ ತುಳಿಯದೆ ಹಿಂಡಿನ ನಡುವೆ ನಡೆಯುವುದು ಅವನಿಗೆ ಗೊತ್ತಿತ್ತು. ರಾಜಕುಮಾರನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ರಾಮ್ ರಾಮ್," ಎಂದ ಅಧಿಕಾರಿ. ಮೊದಲು ಕಲ್ಲು, ನಂತರ ಪೆಟ್ಟಿಗೆ ನೋಡಿದ. ನಿಂತಲ್ಲೇ ಬೂಟು ಕಳಚಿದ. ಕಾಲುಚೀಲ ಕೂಡ. ಆಮೇಲೆ ಕನ್ನಡದಲ್ಲಿ, "ಬೀರಪ್ಪನ ಪೆಟ್ಟಗಿ ಏನವ್ವಾ?"

"ಹೌದ್ರಿ," ಎಂದಳು ಕಾಕಿ. "ಯಾವೂರು ತಮ್ಮಾ?"

"ಜತ್ತ ಕಡೆ ರಿ."

"ಹೆಸರು?"

"ಅಮಸಿದ್ದ."

"ನಮ್ಮ ಪೈಕಿ ಹುಡುಗ ಅನ್ನು." ಕಾಕಿಯ ದನಿಯಲ್ಲಿ ಎಂದಿನ ಬಿಸುಪಿರಲಿಲ್ಲ. ಬೇರೆ ದಿನವಾದರೆ ಆಕೆ ಅವನ ಅಜ್ಜಿಯ ತವರುಮನೆಯವರೆಗೆ ಹೋಗಿ ಒಂದು ಸಂಬಂಧ ಹುಡುಕಿ ತರುತ್ತಿದ್ದಳು.

"ಇವರು ಯಾರು?" ಅಮಸಿದ್ದ ರಾಜಕುಮಾರನ ಕಡೆ ಗದ್ದ ಎತ್ತಿದ. "ಕುರಿಗಾರ ಕಾಣಂಗಿಲ್ಲ."

"ನಮ್ಮ ಭಾವನ ಮಗ."

"ಏನ ಮಾಡ್ತೀರಿ?"

"ಹೊಟೆಲ್ ಐತ್ರಿ," ಎಂದ ರಾಜಕುಮಾರ. "ಆರಗದ ಆಚೆ."

"ಪರಮಿಟ್ ರೂಮಾ?"

"ಹೌದ್ರಿ."

ಅಮಸಿದ್ದ ತಲೆಯಾಡಿಸಿದ. ಅವನು ಏನೂ ಬರೆದುಕೊಳ್ಳಲಿಲ್ಲ, ಬರೆದುಕೊಂಡಿದ್ದರೆ ಚೆನ್ನಾಗಿತ್ತು. ಹೀರಿಯ ಸುತ್ತ ನಿಧಾನ ಒಂದು ಸುತ್ತು ಹಾಕಿದ. ಜೋಳಿಗೆಯಿಂದ ಹೊರಗೆ ಇಣುಕಿದ ಮರಿಯ ಗಲ್ಲ ತುರಿಸಿದ. ಚೀಲದ ಎದುರು ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ರೇಟ್ ಏರಿದಾಗಿಂದ ಮಂದಿಗೆ ಬುದ್ಧಿ ಭಾಳ ಬಂದೈತಿ ಅವ್ವಾ. ಮೊನ್ನೆ ಹೆಣದ ಗಾಡ್ಯಾಗ ಸಿಕ್ಕಿತು. ಹೆಣಾ ಖರೇ ಇತ್ತು, ಅದರ ಕೆಳಗ ಮಾಲು."

ಕಾಕಿ ಮುಂದಾಳು ಟಗರಿಗೆ ಹಚ್ಚಲು ಇನ್ನೊಂದು ಹಿಡಿ ಭಂಡಾರ ತೆಗೆದುಕೊಂಡು ಎದ್ದು ನಿಂತಿದ್ದಳು. ಮುಷ್ಟಿಯ ಬೆರಳ ಸಂದಿಯಿಂದ ಹಳದಿ ಸಣ್ಣಗೆ ಉದುರುತ್ತಿತ್ತು.

"ನಾ ಇದನ್ನ ಬಿಚ್ಚಂಗಿಲ್ಲ," ಎಂದ ಅಮಸಿದ್ದ. "ದೇವರ ಕೆಳಗಿಂದು. ನಮ್ಮವ್ವಗ ಗೊತ್ತಾದ್ರ ಮನಿಯೊಳಗ ಕರಕೊಳ್ಳಂಗಿಲ್ಲ. ನಾ ಕೇಳ್ತೀನಿ, ನೀವು ಹೇಳ್ರಿ. ನಿಮ್ಮ ಕೈಯಾಗ ಭಂಡಾರ ಐತಿ. ನೀವು ಹೇಳಿದ್ದ ಖರೇ." ಚೀಲವನ್ನು ಕಣ್ಣಲ್ಲೇ ತೋರಿಸಿದ. "ಏನೈತಿ ಅದರಾಗ?"

ರಾಜಕುಮಾರ ಏಳು ವರ್ಷದವನಿದ್ದಾಗ ಅವ್ವ ಮಿರಜಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಳು. ಆ ವರ್ಷ ಅವನು ಕಾಕಿಯ ಜೊತೆ ಹಿಂಡಿನ ಹಿಂದೆ ನಡೆದ. ದಣಿದಾಗ ಇದೇ ರೀತಿಯ ಹೊರೆಯ ಮೇಲೆ ಕೂತ. ಕಾಕಿಗೆ 'ನೀ' ಅನ್ನುವ ಸಲುಗೆ ಹುಟ್ಟಿದ್ದು ಆಗ. ಒಂದು ದಿನ ಅವನು ಮಲಗಿಬಿಟ್ಟು, ಒಂದು ಮರಿ ಬಾವಿಗೆ ಬಿತ್ತು. ತೋಳ ಒಯ್ದಿತು ಎಂದ. ಕಾಕಿ ಹೊಡೆಯಲಿಲ್ಲ. ಅವನ ಪುಟ್ಟ ಅಂಗೈಗೆ ಒಂದು ಚಿಟಿಕೆ ಭಂಡಾರ ಹಾಕಿ, "ಈಗ ಹೇಳು," ಎಂದಳು. ಅವನು ಅತ್ತು ಬಾವಿ ತೋರಿಸಿದ್ದ. ಇದನ್ನು ಹಿಡಕೊಂಡು ಸುಳ್ಳು ಹೇಳಿದ ಮನುಷ್ಯ ನಮ್ಮ ಕುಲದಾಗ ಹುಟ್ಟಿಲ್ಲ ಎಂದು ಆವತ್ತು ಆಕೆ ಹೇಳಿದ್ದು, ಈಗ ಒಂದೊಂದೇ ಅಕ್ಷರವಾಗಿ ಅವನ ಕಿವಿಗೆ ಬಂತು.

ಹೇಳಿಬಿಡುತ್ತಾಳೆ ಎಂದುಕೊಂಡ. ಓಡಬೇಕೆ? ಅವನು ಬೆಳಿಗ್ಗೆ ಬಂದ ಬೈಕು ಹಿಂಡಿನ ಹಿಂದೆ ನಿಂತಿತ್ತು. ನನ್ನದು, ಅವರಿಗೆ ಗೊತ್ತಿಲ್ಲ, ಎಂದು ತಾನೇ ಒಂದು ಹೆಜ್ಜೆ ಮುಂದೆ ಹಾಕಬಹುದಿತ್ತು. ಆ ಕ್ಷಣ ಅವನ ಕಣ್ಣ ಮುಂದೆ ಬಂದದ್ದು ಕೌಂಟರಿನ ಹಿಂದಿನ ಗೋಡೆಗೆ ಹಾಕಿದ, ಗಾಜು ಒಡೆದ ಚೌಕಟ್ಟಿನ ಲೈಸೆನ್ಸ್.

ಮರಿ ಒದರಿತು. ಎಲ್ಲೋ ಹಿಂಡಿನೊಳಗಿಂದ ತಾಯಿ ಉತ್ತರ ಕೊಟ್ಟಿತು.

"ಜ್ವಾಳ," ಎಂದಳು ತುಳಸವ್ವ.

ಅಮಸಿದ್ದ ಇನ್ನೂ ಒಂದು ಗಳಿಗೆ ಆಕೆಯ ಮುಖವನ್ನೇ ನೋಡಿದ. ಆಮೇಲೆ, "ಆತ್ರಿ ಅವ್ವಾ," ಎಂದು ತಲೆ ಬಗ್ಗಿಸಿ ಹಣೆಯನ್ನು ಆಕೆಯ ಮುಂದೆ ಒಡ್ಡಿದ.

ಕಾಕಿ ಹಚ್ಚಲಿಲ್ಲ. ಬಲಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಎಡಗೈಯಿಂದ ಪೆಟ್ಟಿಗೆಯ ಕಡೆ ತೋರಿಸಿದಳು. "ನೀವ ತಗೊಂಡು ಹಚ್ಚಿಕೊಳ್ರಿ."

ಅವನು ತಾನೇ ಹಚ್ಚಿಕೊಂಡ. ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಜೀಪಿನವರೆಗೆ ನಡೆದ. "ಜಾವೂ ದ್ಯಾ ರೇ," ಬಿಡ್ರೋ ಅವರನ್ನ, ಎಂದು ಶಿಪಾಯಿಗಳಿಗೆ ಕೂಗಿದ.

ಹಿಂಡು ದಾಟಿತು. ಮುಂದಾಳು ಟಗರು ಹಣೆಗೆ ಹಳದಿಯಿಲ್ಲದೆ ದಾಟಿತು.

ಮುಂದಿನ ಒಂದೂವರೆ ಗಂಟೆ ಯಾರೂ ಹಿಡಿಯುವವರಿರಲಿಲ್ಲ. ಆದರೂ ರಾಜಕುಮಾರ ಬೈಕು ಹತ್ತಿ ಹೋಗಲಿಲ್ಲ. ಬೈಕು ತಳ್ಳಿಕೊಂಡು ಅವನು ಹೀರಿಯ ಪಕ್ಕದಲ್ಲಿ ನಡೆದ. ಆಚೆ ಪಕ್ಕ ಕಾಕಿ. ಎಡಗೈಯಲ್ಲಿ ಹಗ್ಗ. ಬಲಗೈ ಇನ್ನೂ ಮುಷ್ಟಿ.

ಕಾಕಾ ಮುಂದಿನಿಂದ ಹಿಂದಕ್ಕೆ ಬಂದು ಒಮ್ಮೆ ಕುದುರೆಯನ್ನು ನೋಡಿದ. "ಹೀರಿ ಬಲಕ್ಕ ವಾಲ್ಯಾಳ. ಹೊರಿ ಸರಿ ಇಲ್ಲ. ಜ್ವಾಳ ಹಿಂಗ ಕುಂದ್ರಂಗಿಲ್ಲ."

"ಮನಿ ಬಂತ್ರಿ ಕಾಕಾ, ನಡೀರಿ," ಎಂದ ರಾಜಕುಮಾರ.

"ಛಾಯಾ ಮಟನ್ ಮಾಡ್ಯಾಳೋ ಇಲ್ಲೋ? ಹೋದ ವರ್ಷ ಬಂದಾಗ ನನಗ ಎಲುಬ, ಆ ವಕೀಲರಿಗೆ ಮೆತ್ತನ್ನ ಬೋಟಿ. ಬಾಂಡ್ ಪೇಪರ್ ಮ್ಯಾಲೆ ಬರಸಿಕೊಂಡ ಕುಂದ್ರತೀನಿ ಈ ಸಲ." ಯಾರೂ ನಗಲಿಲ್ಲ. ಕಾಕಾ ಇಬ್ಬರ ಮುಖವನ್ನೂ ನೋಡಿದ. "ಏನಾತು? ಆ ಸಾಹೇಬ ಏನರ ಅಂದನೇನು?"

"ಏನೂ ಅನಲಿಲ್ಲ," ಎಂದಳು ಕಾಕಿ. "ಒಳ್ಳೆ ಹುಡುಗ."

ಕಾಕಾ ಸಿಳ್ಳೆ ಹಾಕುತ್ತ ಮುಂದೆ ಹೋದ. ಜೇಬಿನಲ್ಲಿ ಫೋನು ನಡುಗಿತು. ತುಷಾರ. ರಾಜಕುಮಾರ ಎರಡು ಸಲ ಕತ್ತರಿಸಿದ. ಮೂರನೆಯ ಸಲಕ್ಕೆ ಎತ್ತಿದ. ತುಷಾರನ ದನಿ ಫೋನಿನಿಂದ ಹೊರಗೆ ಚೆಲ್ಲುವಷ್ಟು ದೊಡ್ಡದು.

"ಗಾಡ್ಯಾಗಿಂದ ನೋಡಿದೆ, ದಾಟಿತಲ್ಲ! ನಾ ಹೇಳಿರಲಿಲ್ಲಾ ಅಣ್ಣಾ? ದೇವರ ಪೆಟ್ಟಗಿ ಅಂದ್ರ ಸರಕಾರದ ಸಿಕ್ಕಾ ಇದ್ದಂಗ. ಕೇಳ್ರಿ, ಕಾಕಾ ಎಷ್ಟ ದಿನಾ ಇರ್ತಾರ ಈ ಕಡೆ? ಹದಿನೈದು ದಿನಕ್ಕೊಂದ ಖೇಪ ಹೊಡದ್ರ..."

"ಆಮ್ಯಾಲೆ ಮಾತಾಡ್ತೀನಿ."

"ಕಾಕಿಗೂ ಏನರ ಕೊಡೂಣು. ಒಂದ ಛಲೋ ಇಳಕಲ್ ಸೀರಿ..."

ಫೋನು ಇಟ್ಟ. ಕುದುರೆಯ ಗೊರಸಿನ ಸದ್ದು.

"ಮೂವತ್ತೊಂದಕ್ಕ ಲೈಸೆನ್ಸ್ ಹೋಗ್ತೈತಿ ಕಾಕಿ," ಎಂದ. ಕುದುರೆಯ ಕುತ್ತಿಗೆಯ ಮೇಲಿನಿಂದ ಮಾತಾಡಬೇಕಾಗಿ, ದನಿ ಬೇಕಾದದ್ದಕ್ಕಿಂತ ಎತ್ತರವಾಯಿತು. "ಅಪ್ಪ ಮಾಡಿದ್ದು. ಎಲ್ಲಾ ಏರಿಸ್ಯಾರ. ಅವರ ಅಪ್ಪನ ಗಂಟೇನು ಹೋಗ್ತೈತಿ? ಮುಂಬೈಯಾಗ ಕುಂತು ಒಂದ ಸಹಿ ಮಾಡ್ತಾರ, ಇಲ್ಲಿ ನನ್ನ ಎಂಟು ಟೇಬಲ್ ಖಾಲಿ. ಕದ್ದಿಲ್ಲ, ಬಡದಿಲ್ಲ. ಒಂದ ಸಲ. ಒಂದ ಸಲ ದಾಟಿದ್ರ ಫೀ ತುಂಬಬೇಕು ಅಂತ ಅಷ್ಟ."

ಕಾಕಿ ನಡೆಯುತ್ತಲೇ ಇದ್ದಳು.

"ನೀ ಬಿಚ್ಚಬ್ಯಾಡ ಅಂದಿದ್ನಲ್ಲ ನಾನು."

"ನನ್ನ ಜ್ವಾಳ ಎಲ್ಲೈತಿ?" ಎಂದಳು ಕಾಕಿ.

ಆ ಪ್ರಶ್ನೆಗೆ ಅವನು ಸಿದ್ಧನಿರಲಿಲ್ಲ. "ತುಷಾರನ ಗಾಡ್ಯಾಗ. ಅಂವ ತಂದು ಕೊಡ್ತಾನ."

"ಅಂದ್ರ ಮುಂಜಾನೆ ನಾ ರೊಟ್ಟಿ ಬಡಿಯೂ ಮುಂದ, ನನ್ನ ಬೆನ್ನ ಹಿಂದ, ನನ್ನ ಜ್ವಾಳ ಸುರುವಿದಿ."

"ನಾಲ್ಕ ಬೊಗಸಿ ಮ್ಯಾಲೆ ಇಟ್ಟೇನಿ."

ಅಂದ ಮೇಲೆ ಅವನಿಗೇ ನಾಚಿಕೆಯಾಯಿತು. ಕಾಕಿ ಹೀರಿಯ ಹಗ್ಗ ಜಗ್ಗಿ ಮುಂದೆ ನಡೆದಳು. ಅವನನ್ನು ಮತ್ತೆ ರಾಜ್ಯಾ ಎಂದು ಕರೆಯಲಿಲ್ಲ.

ಛಾಯಾ ಹೊಟೆಲಿನ ಮುಂದೆ ಕಾಯುತ್ತಿದ್ದಳು. ಪ್ರತಿ ವರ್ಷ ಮಾಡುವ ಹಾಗೆ ಎಲ್ಲ ಸಿದ್ಧಮಾಡಿದ್ದಳು: ಕುದುರೆಯ ಕಾಲಿಗೆ ಹಾಕಲು ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ತೆಂಗಿನಕಾಯಿ, ಗೋಡೆಗೆ ಆನಿಸಿ ಎರಡು ಚೀಲ ಜೋಳ. ಹಿಂಡು ಎರಡು ರಾತ್ರಿ ಹಿಂದಿನ ಹೊಲದಲ್ಲಿ ತಂಗುತ್ತದೆ. ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಜೋಳ. ಹೊಲದವನು ಕೊಟ್ಟ ಕಾಯಿ ಕುರಿಗಾರತಿ ಸೆರಗಿನಲ್ಲಿ ತೆಗೆದುಕೊಂಡರೆ ಮಾತು ಮುಗಿಯಿತು. ಅಪ್ಪನ ಕಾಲದಿಂದಲೂ ಎರಡೂ ಮನೆಗಳ ನಡುವೆ ಬೇರೆ ಕಾಗದ ಇರಲಿಲ್ಲ.

"ಬರ್ರಿ ಅತ್ತಿ, ಬರ್ರಿ," ಎಂದಳು ಛಾಯಾ. "ಎಷ್ಟ ತಡಾ ಮಾಡಿದ್ರಿ. ಕಾಕಾ ಅವರ, ನಿಮಗ ಈ ಸಲ ಬೋಟಿನೇ ಐತ್ರಿ, ವಕೀಲರಿಗೆ ಎಲುಬ."

"ಕೇಳಿಸಿತೇನು ಇಕಿಗೆ ಅಲ್ಲಿಂದ?" ಎಂದು ಕಾಕಾ ಹಿಗ್ಗಿದ. ಮೊದಲ ಸಾಲಿನ ಕುರಿಗಳು ರೂಢಿಯಂತೆ ಹೊಲದ ಕಡೆ ತಾವೇ ತಿರುಗಿದವು.

"ಇದನ್ನ ಹಿಡೀರಿ," ಎಂದಳು ಕಾಕಿ ಗಂಡನಿಗೆ. ಎಡಗೈಯಿಂದಲೇ ಹಗ್ಗ ಸಡಿಲಿಸಿ ಪೆಟ್ಟಿಗೆಯನ್ನು ಅವನ ತೋಳಿಗೆ ಇಳಿಸಿದಳು. ಆಮೇಲೆ ಚೀಲಕ್ಕೆ ಹೆಗಲು ಕೊಟ್ಟಳು.

"ನಾ ಇಳಸ್ತೀನಿ ಕಾಕಿ," ಎಂದು ರಾಜಕುಮಾರ ಬೈಕು ಬಿಟ್ಟು ಬಂದ. ಬೈಕು ಬಿತ್ತು. ಆಕೆ ಅವನಿಗೆ ದಾರಿ ಕೊಡಲಿಲ್ಲ. ಅರವತ್ತು ದಾಟಿದ ಹೆಂಗಸು ಮೂವತ್ತೈದು ಕಿಲೋದ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕೈ ಮುಷ್ಟಿ ಕಟ್ಟಿಕೊಂಡೇ, ಪರಮಿಟ್ ರೂಮಿನ ಮೆಟ್ಟಿಲು ಹತ್ತಿದಳು.

ಆ ಹೊಸ್ತಿಲನ್ನು ಆಕೆ ಇದುವರೆಗೆ ದಾಟಿರಲಿಲ್ಲ. ಇಪ್ಪತ್ತು ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತು ಚಹ ಕುಡಿದು ಹೋಗಿದ್ದಳು. ಒಳಗೆ ಇಬ್ಬರು ಗಿರಾಕಿಗಳು ಶೇಂಗಾ ಬಿಡಿಸುತ್ತ ಕೂತಿದ್ದರು. ಕಾಕಿ ಚೀಲವನ್ನು ಕೌಂಟರಿನ ಮುಂದಿನ ಟೇಬಲ್ಲಿನ ಮೇಲೆ ಇಳಿಸಿದಳು. ಬಾಯಿ ಸಡಿಲಾಗಿ ನಾಲ್ಕು ಬೊಗಸೆ ಜೋಳ ಟೇಬಲ್ಲಿನ ಮೇಲೆ ಚೆಲ್ಲಿತು. ಅದರ ಹಿಂದೆಯೇ ಒಂದು ಪಾಕೀಟು ಜಾರಿ ನೆಲಕ್ಕೆ ಬಿತ್ತು. ಇನ್ನೊಂದು. ಶೇಂಗಾ ಬಿಡಿಸುತ್ತಿದ್ದವನೊಬ್ಬ ನಿಧಾನ ಎದ್ದು, ದುಡ್ಡು ಗ್ಲಾ‌ಸಿನ ಕೆಳಗಿಟ್ಟು, ಗೆಳೆಯನನ್ನು ಎಳೆದುಕೊಂಡು ಹೊರಗೆ ಹೋದ.

ಛಾಯಾ ಬಾಗಿಲಲ್ಲಿ ನಿಂತು ನೋಡಿದಳು. ಬಗ್ಗಿ ಒಂದು ಪಾಕೀಟು ಎತ್ತಿ ತಿರುಗಿಸಿ, ಅದರ ಮೇಲಿನ ಕನ್ನಡ ಅಕ್ಷರ ಓದಿದಳು.

"ಅತ್ತಿ ಕುದರಿ ಮ್ಯಾಲೆ?" ಎಂದಳು ಗಂಡನಿಗೆ. "ಲೈಸೆನ್ಸ್ ಹೋದ್ರ ಹೋಗ್ಲಿ, ಖಾನಾವಳಿ ನಡಸೂಣು ಅಂತ ನಾ ಅಂದ್ರ ನಗತಿದ್ರಿ. ಇದಕ್ಕೇನು?"

"ನೀ ಸುಮ್ನಿರು."

"ಸಿಕ್ಕಿದ್ರ ಇವರನ್ನ ಒಯ್ಯತಿದ್ರು. ನೀವು ಬೈಕ್ ಮ್ಯಾಲೆ ಇದ್ರಿ, ಹೌದಿಲ್ಲೋ?"

ಪೆಟ್ಟಿಗೆಯನ್ನು ಎದೆಗವಚಿಕೊಂಡ ಧೋಂಡಪ್ಪ ಹೊಸ್ತಿಲಾಚೆ ನಿಂತು ಒಳಗೆ ಇಣುಕಿದ. "ಏನದು?"

"ನಿಮ್ಮ ಅಣ್ಣನ ಮಗನ ಜ್ವಾಳ," ಎಂದಳು ಕಾಕಿ. ಅವನ ಪಕ್ಕದಿಂದ ಹಾದು ಮೆಟ್ಟಿಲಿಳಿದಳು. "ಕೈಯಾಗ ಭಂಡಾರ ಹಿಡಕೊಂಡು ನಾ ಜ್ವಾಳ ಅಂದೇನಿ."

ಕಾಕಾ ಏನೋ ತಮಾಷೆ ಮಾಡುತ್ತಾನೆ ಎಂದು ರಾಜಕುಮಾರ ಕಾದ. ಬೈದರೂ ಆಗುತ್ತಿತ್ತು. ಅವನು ಹೆಂಡತಿಯ ಮುಷ್ಟಿಯನ್ನು ನೋಡಿದ, ಒಳಗಿನ ಟೇಬಲ್ಲನ್ನು ನೋಡಿದ. ತುಟಿ ಮಡಚಿ ದೊಡ್ಡದೊಂದು ಸಿಳ್ಳೆ ಹಾಕಿದ. ಹೊಲಕ್ಕೆ ಇಳಿದಿದ್ದ ಕುರಿಗಳು ತಲೆ ಎತ್ತಿದವು. ಎರಡನೆಯ ಸಿಳ್ಳೆಗೆ ಒಂದೊಂದಾಗಿ ರಸ್ತೆಗೆ ಮರಳತೊಡಗಿದವು.

"ಕಾಕಾ, ಎಲ್ಲಿಗ್ರಿ? ಹೊತ್ತ ಮುಳಗಾಕ ಬಂತು," ಎಂದ ರಾಜಕುಮಾರ. "ಮಾಲಗಾಂವ ತನಕ ಎಲ್ಲೂ ಜಾಗಾ ಇಲ್ಲ. ಎಲ್ಲಾ ದ್ರಾಕ್ಷಿ."

ಕಾಕಾ ಪೆಟ್ಟಿಗೆಯನ್ನು ಹೀರಿಯ ಬರಿದಾದ ಬೆನ್ನ ಮೇಲೆ ಇಟ್ಟ. ಕೆಳಗೆ ಚೀಲವಿಲ್ಲದೆ ಅದು ಕೂರಲಿಲ್ಲ, ಒಂದು ಕಡೆ ಜಾರಿತು. ಕಂಬಳಿ ಮಡಚಿ ಇಟ್ಟು ನೋಡಿದ. ಆಗಲೂ ಜಾರಿತು.

ರಾಜಕುಮಾರನಿಗೆ ದಾರಿ ಕಂಡದ್ದು ಆಗ. ಅವನು ಗೋಡೆಯ ಬಳಿ ಓಡಿ ಜೋಳದ ಒಂದು ಚೀಲವನ್ನು ಬೆನ್ನಿಗೆ ಹಾಕಿಕೊಂಡ. ಇಡೀ ಚೀಲ, ಎಪ್ಪತ್ತು ಕಿಲೋ. ತಂದು ಕಾಕಿಯ ಕಾಲ ಬಳಿ ಇಳಿಸಿದ. ಹೊಲಿಗೆ ಹರಿದು ಬಾಯಿ ತೆರೆದ. ಕೈ ತಳಕ್ಕೆ ಹೋಗುವಷ್ಟು ಇಳಿಸಿ, ಒಂದು ಬೊಗಸೆ ಎತ್ತಿ ಸುರಿದು ತೋರಿಸಿದ. ದಪ್ಪ ಬಿಳಿ ಕಾಳು.

"ನೋಡು ಕಾಕಿ. ಹಿಂಗಾರಿ ಶಾಳೂ. ತಳದ ತನಕ ಜ್ವಾಳನ ಐತಿ." ಉಸಿರು ಹತ್ತಿತ್ತು. "ನೀ ಅಂದದ್ದು ಏನು? ಜ್ವಾಳ ಅಂದಿ. ಇದನ್ನ ಪೆಟ್ಟಗಿ ಕೆಳಗ ಹೇರಿಬಿಟ್ರ ನಿನ್ನ ಮಾತು ಖರೇನ ಆತು. ಬೀರಪ್ಪಗ ಬೇಕಾದ್ದು ಮಾತ ಅಲ್ಲೇನು? ಆ ಮಾಲು ನಾ ಇವತ್ತ ಗಟಾರಕ್ಕ ಸುರುವ್ತೀನಿ. ಲೈಸೆನ್ಸ್ ಹೋದ್ರ ಹೋಗ್ಲಿ. ತುಷಾರ ಇನ್ನ ಈ ಬಾಗಿಲಕ್ಕ ಬರಂಗಿಲ್ಲ. ಛಾಯಾ, ಕಾಯಿ ತಾ."

ಛಾಯಾ ಕಾಯಿಯ ತಟ್ಟೆ ತಂದಳು. ಆಕೆಯ ಕೈಯಿಂದ ಅವನು ತಾನೇ ಕಾಯಿ ತೆಗೆದುಕೊಂಡ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಸೆರಗ ಒಡ್ಡು ಕಾಕಿ."

ತುಳಸವ್ವ ಕಾಯಿಯನ್ನು ನೋಡಿದಳು. ಚೀಲದ ಬಾಯಿಂದ ಕಾಳು ಇನ್ನೂ ಸಣ್ಣಗೆ ಉದುರಿ ರಸ್ತೆಯ ಮಣ್ಣಿಗೆ ಬೀಳುತ್ತಿತ್ತು. ಒಂದು ಕುರಿ ಬಂದು ಮೂಸಿತು. ಆಕೆ ಮೊಣಕಾಲಿನಿಂದ ಅದನ್ನು ಆಚೆ ತಳ್ಳಿದಳು. ಬಲಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ಬೆವರಿಗೆ ನೆನೆದ ಹಳದಿ ಮಣಿಕಟ್ಟಿನವರೆಗೆ ಇಳಿದು ಒಣಗಿತ್ತು.

"ಬ್ಯಾಡ," ಎಂದಳು.